ಏನೇ ಕೆಟ್ಟರೂ ಯಾರ ತಲೆಗೆ ಕಟ್ಟೋಣ ಎಂದು ನೋಡುವ ಆಫೀಸಿನಲ್ಲಿ ಪ್ರಾಮಾಣಿಕವಾಗಿ ಉಳಿಯುವುದು ಹೇಗೆ?

ನಿಮ್ಮಿಂದ ತಪ್ಪಾಗಿದ್ದರೆ ಬೇರೆಯವರು ಎತ್ತಿ ಆಡುವ ಮೊದಲೇ ಹೇಳಿಬಿಡಿ. ಆದರೆ ಆಗಿದ್ದಷ್ಟನ್ನೇ ಹೇಳಿ: “ಮಂಗಳವಾರ ಹಳೆಯ ದರಪಟ್ಟಿ ಕಳಿಸಿದ್ದು ನಾನು. ಇವತ್ತು ಬೆಳಿಗ್ಗೆ ಗೊತ್ತಾಯಿತು, ಸರಿಯಾದದ್ದನ್ನು ಈಗ ಕಳಿಸಿದ್ದೇನೆ.” ಹತ್ತು ಸಲ ಕ್ಷಮೆ ಕೇಳಬೇಡಿ. ಅಂಥ ಕಡೆ ತೀರಾ ಬಗ್ಗಿದವರ ಮೇಲೆಯೇ ಮುಂದಿನ ತಪ್ಪುಗಳೂ ಬೀಳುತ್ತವೆ.

ಬಾಯಿಮಾತಿನಲ್ಲಿ ಹೇಳಿದ ಕೆಲಸವನ್ನು ಅವತ್ತೇ ಎರಡು ಸಾಲಿನ ಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ.

ನಿಜವಾಗಿ ಕಷ್ಟವಾಗುವುದು ರಜೆಯಲ್ಲಿರುವ ಸಹೋದ್ಯೋಗಿಯ ಮೇಲೆ ಎಲ್ಲರೂ ಸೇರಿ ಹೊರಿಸುವಾಗ. ಆಗ ದೊಡ್ಡ ವಾದ ಬೇಕಿಲ್ಲ, “ಆ ಫೈಲು ನನ್ನ ಕೈ ದಾಟಿಯೇ ಹೋಗಿತ್ತು, ನನಗೂ ಕಾಣಲಿಲ್ಲ” ಎಂದರೆ ಸಾಕು. ಸುಮ್ಮನಿದ್ದರೆ ನಾವೂ ಹೊರಿಸಿದವರ ಜೊತೆ ಸೇರಿದಂತೆಯೇ ಎಂಬುದು ನನ್ನ ನಂಬಿಕೆ.

ತಪ್ಪು ಒಪ್ಪಿಕೊಂಡವರನ್ನು ದಂಡಿಸದಿರುವುದೇ ಒಳ್ಳೆಯದೆಂದು ಬಾಸ್‌ಗೆ ಮನವರಿಕೆ ಮಾಡಬೇಕಿದ್ದರೆ ವಿಮಾನಯಾನದ ಉದಾಹರಣೆ ಕೊಡಿ. 1974ರ ಡಿಸೆಂಬರ್ 1ರಂದು ಅಮೆರಿಕದ ವರ್ಜೀನಿಯಾದಲ್ಲಿ ಟಿಡಬ್ಲ್ಯೂಎ ಕಂಪನಿಯ 514 ವಿಮಾನ, ಯಾವಾಗ ಎಷ್ಟು ಕೆಳಗೆ ಇಳಿಯಬಹುದು ಎಂಬ ಗೊಂದಲದಿಂದ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಸುಮಾರು ಆರು ವಾರ ಮೊದಲು ಇನ್ನೊಂದು ಕಂಪನಿಯ ಪೈಲಟ್‌ಗಳು ಅದೇ ಗೊಂದಲಕ್ಕೆ ಸಿಕ್ಕಿ ಕೂದಲೆಳೆಯಲ್ಲಿ ಪಾರಾಗಿದ್ದರು. ಆ ಎಚ್ಚರಿಕೆ ಅವರ ಕಂಪನಿಯೊಳಗೇ ಉಳಿಯಿತು. ಇಂಥ ಎಚ್ಚರಿಕೆಗಳು ಎಲ್ಲರಿಗೂ ತಲುಪಲೆಂದು 1976ರಲ್ಲಿ ನಾಸಾ ನಡೆಸುವ ಗೋಪ್ಯ ವರದಿ ವ್ಯವಸ್ಥೆ ಬಂತು. ಬೇಕೆಂದು ಮಾಡದ ತಪ್ಪನ್ನು 10 ದಿನದೊಳಗೆ ತಾನಾಗಿ ವರದಿ ಮಾಡಿದ ಪೈಲಟ್‌ಗೆ ಸಾಮಾನ್ಯವಾಗಿ ದಂಡನೆ ಇರುವುದಿಲ್ಲ. ಹೆದರಿಕೆ ಹೋದದ್ದಕ್ಕೇ ಸತ್ಯ ಹೊರಬಂತು.

ಸುಳ್ಳು ವರದಿಗೆ ಸಹಿ ಹಾಕಿ ಎಂದರೆ ಮಾತ್ರ ಹಾಕಬೇಡಿ. ಅವತ್ತಿನಿಂದಲೇ ಬೇರೆ ಕೆಲಸ ಹುಡುಕಿ.