ದವಡೆ ಸ್ನಾಯುವಿನ ಎರಡು ಅಳತೆಗಳ ಬಗ್ಗೆ

ಹಾಸನದ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ದವಡೆಯ ಸ್ನಾಯುವಿನ ದಪ್ಪ 11 ಮಿ.ಮೀ., ತಿಂಗಳ ನಂತರ ಚಿಕ್ಕಮಗಳೂರಿನಲ್ಲಿ 14 ಮಿ.ಮೀ. ಬಂದಿರುವುದು ಊತದ ಲಕ್ಷಣವೇ ಎಂದು ಕೇಳಿದ್ದೀರಿ. ದವಡೆಯನ್ನು ಸಡಿಲ ಬಿಡಿಸಿ ಅಳೆದರೋ, ಹಲ್ಲನ್ನು ಬಿಗಿಯಾಗಿ ಕಚ್ಚಿಸಿ ಅಳೆದರೋ ಎಂಬುದನ್ನು ಮೊದಲು ವಿಚಾರಿಸಿ. ಏಕೆಂದರೆ ಕಚ್ಚಿದಾಗ ಮ್ಯಾಸೆಟರ್, ಅಂದರೆ ಕೆನ್ನೆಯಲ್ಲಿರುವ ಈ ದವಡೆ ಸ್ನಾಯು, ಎರಡು ಮೂರು ಮಿ.ಮೀ. ದಪ್ಪವಾಗುವುದು ಸಹಜ. ಕೆನ್ನೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿದರೆ ಆ ಉಬ್ಬು ನಿಮಗೇ ತಿಳಿಯುತ್ತದೆ.

ಸ್ಕ್ಯಾನ್ ಮಾಡುವಾಗ ಕೆನ್ನೆಗೆ ತಾಗಿಸುವ ಉಪಕರಣವಾದ ಪ್ರೋಬನ್ನು ಒತ್ತಿ ಹಿಡಿದರೆ ಸ್ನಾಯು ಚಪ್ಪಟೆಯಾಗಿ ಅಳತೆ ತಗ್ಗುತ್ತದೆ, ಓರೆಯಾಗಿ ಹಿಡಿದರೆ ಹೆಚ್ಚುತ್ತದೆ. ಆದ್ದರಿಂದ ಧಾರಾಳವಾಗಿ ಜೆಲ್ ಹಚ್ಚಿ, ಕೆನ್ನೆಮೂಳೆಗೂ ದವಡೆಯ ಮೂಲೆಗೂ ನಡುವೆ, ಮೂಳೆಗೆ ಲಂಬವಾಗಿ, ಹಗುರವಾಗಿ ಇಟ್ಟು, ಮೂರು ಬಾರಿ ಅಳೆದು ಸರಾಸರಿ ತೆಗೆಯುವುದೇ ಸರಿಯಾದ ಕ್ರಮವೆಂಬುದು ನನ್ನ ಅಭಿಪ್ರಾಯ. ಒಂದೇ ಸ್ಥಿತಿಯಲ್ಲಿ ಅಳೆದೂ ಇಷ್ಟು ವ್ಯತ್ಯಾಸ ಉಳಿದರೆ, ಅಥವಾ ಒಂದೇ ಕೆನ್ನೆ ಉಬ್ಬಿ ನೋವಿದ್ದರೆ, ದಂತವೈದ್ಯರಿಗೆ ತೋರಿಸಿ. ರಾತ್ರಿ ಹಲ್ಲು ಕಡಿಯುವ ಅಥವಾ ದಿನವಿಡೀ ಎಲೆಅಡಿಕೆ ಜಗಿಯುವ ಅಭ್ಯಾಸವಿದ್ದರೆ ಅದನ್ನು ಮುಚ್ಚಿಡಬೇಡಿ.