ಹಳೇ ಜೀಪ್ ಪಿಕಪ್‌ನ ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿದೆ, ಮೀಟರ್ ಬದಲಾಯಿಸಬೇಕಾ?

ನೀವು ಕೇಳಿದ್ದು ಇಷ್ಟು. ಮನೆಯಲ್ಲಿ 1970ರ ದಶಕದ ಮಹೀಂದ್ರಾ ಜೀಪ್ ಪಿಕಪ್ ಇದೆ, ತೋಟದ ಕೆಲಸಕ್ಕೆ ಇವತ್ತಿಗೂ ಓಡುತ್ತದೆ. 30ರ ಆಸುಪಾಸಿನಲ್ಲಿ ಹೋಗುವಾಗ ಮುಳ್ಳು 20ರಿಂದ 60ಕ್ಕೆ ಕುಣಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನಿಂದ ಕಿರ್ರ್ ಅಂತ ಸದ್ದು ಬೇರೆ. ಹೊಸ ಕೇಬಲ್ ಹಾಕಿಸಿದ ಮೇಲೆ ಸ್ವಲ್ಪ ದಿನ ಸರಿ ಇತ್ತು, ಈಗ ಮತ್ತೆ ಅದೇ ಕಥೆ. ಮೆಕ್ಯಾನಿಕ್ "ಮೀಟರ್ ಹೋಗಿದೆ, ಬಿಸಾಕಿ ಬೇರೆ ಹಾಕೋಣ" ಅಂತಿದ್ದಾರೆ. ಹಾಕಿಸಬೇಕಾ, ಬೇಡವಾ?

ಸದ್ಯಕ್ಕೆ ಬೇಡ. ಒರಿಜಿನಲ್ ಮೀಟರನ್ನು ಕೈಬಿಡುವ ಮೊದಲು ಒಂದು ಕೆಲಸ ಮಾಡಿ. ಮುಳ್ಳನ್ನು ಮರೆತು, ಅದರ ಪಕ್ಕದಲ್ಲಿ ಕಿಲೋಮೀಟರ್ ಎಣಿಸುವ ಅಂಕಿಗಳನ್ನು ನೋಡಿ. ಅಂದರೆ ಓಡೋಮೀಟರ್. ತೊಂದರೆ ಮೀಟರಿನಲ್ಲಿದೆಯೋ, ಕೇಬಲಿನಲ್ಲಿದೆಯೋ, ಕೆಳಗೆ ಗೇರಿನಲ್ಲಿದೆಯೋ ಅಂತ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅದನ್ನು ನೋಡದೆ ಸುಮ್ನೆ ಕೇಬಲ್ ಮೇಲೆ ಕೇಬಲ್ ಹಾಕಿಸುವವರೇ ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ. ಗಾಡಿಯ ಕೆಳಗಿನಿಂದ ಬರುವ ಕೇಬಲ್ ಮೀಟರಿನ ಒಳಗೆ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಆಯಸ್ಕಾಂತದ ಸುತ್ತ ತೆಳು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಮುಳ್ಳು ಕೂತಿರುವುದು ಆ ಬಟ್ಟಲಿನ ಕಡ್ಡಿಯ ಮೇಲೆ. ಆಯಸ್ಕಾಂತ ಬಟ್ಟಲಿಗೆ ತಾಗುವುದೇ ಇಲ್ಲ. ಆದರೆ ಅದು ತಿರುಗಿದಾಗ ಬಟ್ಟಲಿನ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ, ಬಟ್ಟಲೂ ಅದರ ಜೊತೆ ತಿರುಗಲು ನೋಡುತ್ತದೆ. ಒಂದು ಸಣ್ಣ ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಎಳೆದಾಟ ಎಲ್ಲಿ ಸಮ ಆಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಒಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ನಿಮ್ಮ ಜೀಪಿನಲ್ಲೂ ಅದೇ ಇದೆ. ವೈರಿಂಗ್ ಇಲ್ಲ, ಸೆನ್ಸರ್ ಇಲ್ಲ, ಆದ್ದರಿಂದ ಬಿಚ್ಚಿ ನೋಡಿ ಸರಿ ಮಾಡಬಹುದು.

ಓಡೋಮೀಟರ್ ಮಾತ್ರ ಹೀಗೆ ಗಾಳಿಯಲ್ಲಿ ಎಳೆಸಿಕೊಳ್ಳುವುದಿಲ್ಲ. ಆಯಸ್ಕಾಂತದ ಶಾಫ್ಟಿಗೆ ಹಲ್ಲುಗಳ ಮೂಲಕ ನೇರವಾಗಿ ಕಚ್ಚಿಕೊಂಡಿರುತ್ತದೆ. ಕೇಬಲ್ ತಿರುಗಿದಷ್ಟು ಅಂಕಿ ಓಡಲೇಬೇಕು. ಹಾಗಾಗಿ ಮುಳ್ಳೂ ಸತ್ತು ಅಂಕಿಯೂ ನಿಂತಿದ್ದರೆ, ಮೊದಲು ಕೇಬಲ್ ಅಥವಾ ಅದರ ಕೆಳಗಿನ ಗೇರನ್ನು ಅನುಮಾನಿಸಿ. ಅಂಕಿ ಸರಿಯಾಗಿ ಓಡುತ್ತಾ ಮುಳ್ಳು ಮಾತ್ರ ಕೈಕೊಟ್ಟರೆ ಕೇಬಲ್ ತನ್ನ ಕೆಲಸ ಮಾಡುತ್ತಿದೆ, ರೋಗ ಮೀಟರಿನ ಒಳಗೆ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪು ತೋರಿಸಿದರೆ ಟೈರ್ ಸೈಜ್ ಬದಲಾಗಿರುತ್ತದೆ, ಇಲ್ಲವೇ ಬೇರೆ ಗಾಡಿಯ ಮೀಟರ್ ಕೂತಿರುತ್ತದೆ. ಹಳೇ ಜೀಪುಗಳಲ್ಲಿ ಇವೆರಡೂ ಮಾಮೂಲಿ.

ನಿಮ್ಮದು ಕುಣಿತದ ಕೇಸು, ಅದಕ್ಕೆ ಇನ್ನೊಂದು ಪರೀಕ್ಷೆ ಬೇಕು. ಮೀಟರಿನ ಹಿಂದೆ ಕೈ ಹಾಕಿ ಕೇಬಲ್ ನಟ್ ಬಿಚ್ಚಿ. ಸುತ್ತ ಗೀರು ಇರುವ ನಟ್ ಅದು, ಕೈಯಲ್ಲೇ ಬರುತ್ತದೆ. ತುದಿಯನ್ನು ಸ್ಟೀರಿಂಗ್‌ಗೂ ಪೆಡಲ್‌ಗೂ ಸಿಗದ ಹಾಗೆ ಪಕ್ಕಕ್ಕೆ ಟೇಪ್ ಸುತ್ತಿ ಕಟ್ಟಿ. ತೋಟದ ದಾರಿಯಲ್ಲೇ ನಿಧಾನಕ್ಕೆ ಸ್ವಲ್ಪ ದೂರ ಓಡಿಸಿ. ಕಿರ್ರ್ ಸದ್ದು ಇನ್ನೂ ಬಂದರೆ ಅದು ಕೇಬಲಿನದು. ಸದ್ದು ನಿಂತು ಹೋದರೆ ಮೀಟರಿನದು. ನೀವು ಬರೆದಿದ್ದು ಓದಿದರೆ ನನಗೆ ಮೀಟರಿನ ಮೇಲೇ ಅನುಮಾನ ಜಾಸ್ತಿ. ಹೊಸ ಕೇಬಲ್ ಹಾಕಿ ಸ್ವಲ್ಪ ದಿನಕ್ಕೇ ಹಳೇ ಕಾಯಿಲೆ ಮರಳಿದರೆ, ಎಲ್ಲೋ ಒಂದು ಬಿಗಿ ಇದೆ ಅಂತ ಅರ್ಥ. ಆ ಬಿಗಿ ಹೊಸ ಕೇಬಲನ್ನೂ ತಿನ್ನುತ್ತದೆ.

ಬಿಗಿ ಇದ್ದಾಗ ಮುಳ್ಳು ಯಾಕೆ ಕುಣಿಯುತ್ತದೆ? ಕೇಬಲಿನ ಒಳ ವೈರ್ ಒಂದೆಡೆ ಸಿಕ್ಕಿಕೊಳ್ಳುತ್ತದೆ, ಕೆಳಗಿನ ಗೇರ್ ತಿರುಗಿಸುತ್ತಲೇ ಇರುತ್ತದೆ. ವೈರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ಮುರಿ ಹಾಕಿಕೊಂಡು, ತಡೆಯಲಾರದೆ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಆ ಕ್ಷಣ ಆಯಸ್ಕಾಂತ ಗಾಡಿಗಿಂತ ವೇಗವಾಗಿ ತಿರುಗಿ ಮುಳ್ಳು 60ಕ್ಕೆ ಹಾರುತ್ತದೆ. ಮತ್ತೆ ಸಿಕ್ಕಿಕೊಂಡಾಗ ಬೀಳುತ್ತದೆ. ನಿಧಾನಕ್ಕೆ ಹೋಗುವಾಗ ಇದು ಜಾಸ್ತಿ, ವೇಗ ಹೆಚ್ಚಿದಂತೆ ಸ್ವಲ್ಪ ತಣ್ಣಗಾಗುತ್ತದೆ. ನಿಮ್ಮಲ್ಲೂ ಹಾಗೇ ಇರಬೇಕು, ಅಲ್ವಾ?

ಮೀಟರ್ ಬಿಚ್ಚುವ ಮೊದಲು ಕೇಬಲನ್ನು ಪೂರ್ತಿ ನೋಡಿಬಿಡಿ, ಹೊಸದಾದರೂ ಸರಿ. ಒಳ ವೈರನ್ನು ಮೇಲಿನಿಂದ ಎಳೆದು ತೆಗೆಯಿರಿ. ಬಟ್ಟೆಯಲ್ಲಿ ಒರೆಸಿ ನಯವಾದ ಟೇಬಲ್ ಮೇಲೆ ಉದ್ದಕ್ಕೆ ಇಟ್ಟು ಅಂಗೈಯಲ್ಲಿ ಉರುಳಿಸಿ. ಚೆನ್ನಾಗಿರುವ ವೈರ್ ಸಲೀಸಾಗಿ ಉರುಳುತ್ತದೆ. ಎಲ್ಲಾದರೂ ಮಡಚಿದ ಗುರುತಿದ್ದರೆ ಅದು ಅಲ್ಲಿ ಟಕ್ ಅಂತ ಎದ್ದು ಬೀಳುವುದು ಕಣ್ಣಿಗೇ ಕಾಣುತ್ತದೆ. ಅಂಥದ್ದನ್ನು ನೇರ ಮಾಡಲು ಹೋಗಬೇಡಿ, ಆಗುವುದಿಲ್ಲ. ಎರಡೂ ತುದಿಯ ಚೌಕ ಭಾಗದ ಮೂಲೆಗಳು ಚೂಪಾಗಿ ಇರಬೇಕು, ಸವೆದು ದುಂಡಗಾಗಿದ್ದರೆ ಒಳಗೆ ಜಾರುತ್ತದೆ.

ಆಮೇಲೆ ಉದ್ದ ನೋಡಿ. ಕೆಳ ತುದಿ ಗೇರಿನಲ್ಲಿ ಪೂರ್ತಿ ಕೂತಾಗ ಮೇಲೆ ಒಳ ವೈರ್ ಔಟರಿನಿಂದ, ಅಂದರೆ ಹೊರ ಕವಚದಿಂದ, ಸುಮಾರು 10 ಮಿಲಿಮೀಟರ್ ಹೊರಗಿದ್ದರೆ ಸಾಮಾನ್ಯವಾಗಿ ಸರಿ. ಉದ್ದ ಜಾಸ್ತಿ ಇದ್ದು ನಟ್ ಬಿಗಿ ಮಾಡಿದರೆ ವೈರ್ ಮೀಟರಿನ ಶಾಫ್ಟನ್ನು ಒತ್ತಿ ಹಿಡಿಯುತ್ತದೆ. ಹೊಸ ಕೇಬಲ್ ಹಾಕಿಸಿದ ಮೇಲೆ ಬರುವ ತೊಂದರೆಗೆ ಎಷ್ಟೋ ಸಲ ಇದೇ ಕಾರಣ, ಯಾರೂ ಅಳೆದು ನೋಡಿರುವುದಿಲ್ಲ. ಕೇಬಲ್ ಹೋಗುವ ದಾರಿಯನ್ನೂ ಗಮನಿಸಿ. ಎಲ್ಲೂ ಚೂಪು ತಿರುವು ಇರಬಾರದು. ತಿರುವಿನ ತ್ರಿಜ್ಯ 6 ಇಂಚಿಗಿಂತ ಕಡಿಮೆ ಆಗದಂತೆ ಸಡಿಲವಾಗಿ ಹಾಯಿಸಿ, ಸೈಲೆನ್ಸರ್ ಪೈಪಿನಿಂದ ದೂರ ಇಡಿ. ಮೀಟರಿನ ಹಿಂದೆ ಜಾಗ ಕಡಿಮೆ, ಅಲ್ಲೇ ತಟ್ಟನೆ ಬಗ್ಗಿಸಿ ಸಿಕ್ಕಿಸಿರುತ್ತಾರೆ. ಮಲೆನಾಡಿನ ಕಡೆಯ ಗಾಡಿಯಾದರೆ ಮಳೆನೀರು ಔಟರಿನ ಒಳಗೆ ಇಳಿದು ತುಕ್ಕು ಹಿಡಿಸಿರಬಹುದು. ವೈರ್ ಒರೆಸಿದ ಬಟ್ಟೆ ಕೆಂಪಗಾದರೆ ಔಟರ್ ಸಮೇತ ಬದಲಾಯಿಸಿ.

ಗ್ರೀಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಒಳ್ಳೆಯ ಮೀಟರುಗಳು ಹಾಳಾಗುವುದೇ ಇಲ್ಲಿ. ಕೇಬಲಿಗೆ ಇಂಜಿನ್ ಆಯಿಲ್ ಸುರಿಯಬೇಡಿ. ಗ್ರಾಫೈಟ್ ಇರುವ ಕೇಬಲ್ ಗ್ರೀಸನ್ನು ಬೆರಳಲ್ಲಿ ತೆಳ್ಳಗೆ ಸವರಿ, ಮೇಲಿನ ಒಂದು ಗೇಣಿನಷ್ಟು ಭಾಗ ಒಣಗಿದ್ದ ಹಾಗೇ ಬಿಡಿ. ಒಳ ವೈರಿನ ಹೊರಪದರ ಸುರುಳಿ ಸುತ್ತಿದ ತಂತಿ. ತಿರುಗುವಾಗ ಅದು ಎಣ್ಣೆಯನ್ನು ಮೇಲಕ್ಕೆ ಏರಿಸುತ್ತದೆ. ಏರಿದ ಎಣ್ಣೆ ಆಯಸ್ಕಾಂತಕ್ಕೂ ಬಟ್ಟಲಿಗೂ ನಡುವಿನ ಸಣ್ಣ ಸಂದಿಗೆ ಸೇರಿದರೆ, ಬಟ್ಟಲನ್ನು ಎಣ್ಣೆಯೇ ಎಳೆಯತೊಡಗುತ್ತದೆ. ಆಗ 30ರಲ್ಲಿ ಹೋಗುವಾಗ ಮುಳ್ಳು ಕೊನೆಯ ಅಂಕಿಗೆ ಹೋಗಿ ಅಂಟಿಕೊಳ್ಳುತ್ತದೆ.

ನೀವು ಎಣ್ಣೆ ಹಾಕದಿದ್ದರೂ ಕೆಳಗಿನಿಂದ ಬರಬಹುದು. ಈ ಜೀಪುಗಳಲ್ಲಿ ಕೇಬಲ್ ಶುರುವಾಗುವುದು ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನಿಂದ. ಹ್ಯಾಂಡ್‌ಬ್ರೇಕ್ ಡ್ರಮ್ ಹತ್ತಿರವೇ ಸಿಗುತ್ತದೆ. ಅಲ್ಲಿ ಕೇಬಲನ್ನು ತಿರುಗಿಸುವ ಸಣ್ಣ ಗೇರಿನ, ಅಂದರೆ ಪಿನಿಯನ್ನಿನ, ಸೀಲ್ ಸವೆದರೆ ಗೇರ್ ಆಯಿಲ್ ಕೇಬಲ್ ಹಿಡಿದು ಮೀಟರ್ ತನಕ ಏರುತ್ತದೆ. ನಟ್ ಬಿಚ್ಚಿದಾಗ ಮೇಲಿನ ತುದಿ ಎಣ್ಣೆಯಲ್ಲಿ ನೆನೆದು ಗೇರ್ ಆಯಿಲ್ ವಾಸನೆ ಬಂದರೆ, ಬೇರೆ ಎಲ್ಲ ಬಿಟ್ಟು ಮೊದಲು ಆ ಸೀಲ್ ಹಾಕಿಸಿ.

ಪಿನಿಯನ್ ತಿರುಗುತ್ತಿದೆಯಾ ಅಂತ ನೋಡಲು ಗಾಡಿಯ ಕೆಳಗೆ ನುಗ್ಗಬೇಕಿಲ್ಲ. ಮೀಟರಿನ ಕಡೆ ಕೇಬಲ್ ಬಿಚ್ಚಿ, ಸಮತಟ್ಟು ಜಾಗದಲ್ಲಿ ಗೇರ್ ನ್ಯೂಟ್ರಲ್‌ಗೆ ಹಾಕಿ, ಇಬ್ಬರು ಗಾಡಿ ತಳ್ಳಲಿ. ನೀವು ಸೀಟಿನಲ್ಲಿ ಕೂತು, ಕಾಲು ಬ್ರೇಕ್ ಮೇಲಿಟ್ಟು, ವೈರಿನ ತುದಿ ನೋಡುತ್ತಿರಿ. 3 ಮೀಟರ್ ಸರಿದರೆ ಅದು ಸುಮಾರು ಎರಡು ಸುತ್ತು ತಿರುಗಬೇಕು. ಜಾಕ್ ಕೊಟ್ಟು ಹಿಂದಿನ ಒಂದು ಚಕ್ರ ತಿರುಗಿಸಿ ನೋಡುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಒಂದು ಮಾತು ನೆನಪಿಡಿ. ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ ಇರುವುದರಿಂದ ಈ ಹ್ಯಾಂಡ್‌ಬ್ರೇಕ್ ಹಿಡಿಯುವುದು ಶಾಫ್ಟನ್ನು, ಚಕ್ರವನ್ನಲ್ಲ. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಗಾಡಿ ಉರುಳಬಹುದು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ದಪ್ಪ ಕಲ್ಲೋ ಮರದ ತುಂಡೋ ಕೊಡದೆ ಕೆಳಗೆ ಹೋಗಲೇಬೇಡಿ.

ಈಗ ಮೀಟರ್. ಅದನ್ನು ಹೊರತೆಗೆದು ಹಿಂದಿನ ಚೌಕ ತೂತಿಗೆ ಸರಿಹೊಂದುವ ತುಂಡು ವೈರ್ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ. ಹಳೇ ಕೇಬಲಿನ ತುದಿ ಕತ್ತರಿಸಿಕೊಂಡರೆ ಆಯಿತು. ತಡೆಯೇ ಇಲ್ಲದೆ ತಿರುಗಬೇಕು. ಒರಟಾಗಿ, ಮರಳು ಸಿಕ್ಕಂತೆ ಅನ್ನಿಸಿದರೆ ಶಾಫ್ಟಿನ ಬುಷ್, ಅಂದರೆ ಅದು ಕೂತು ತಿರುಗುವ ಬಳೆ, ಒಣಗಿದೆ. ನಿಮ್ಮ ಕಿರ್ರ್ ಸದ್ದಿನ ಮೂಲ ಅದೇ ಅಂತ ನನ್ನ ಲೆಕ್ಕ. ಮೀಟರನ್ನು ಬೋರಲು ಹಿಡಿದು ಬುಷ್ ಜಾಗಕ್ಕೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ, ತಿರುಗಿಸಿ, ಉಳಿದದ್ದನ್ನು ಒರೆಸಿ. ಒಂದೇ ಹನಿ. ಬಟ್ಟಲಿನ ಕಡೆ ಎಣ್ಣೆ ಹೋಗಬಾರದು. ಡಬ್ಬಿಯಿಂದ ಪಿಚಕಾರಿ ಹೊಡೆಯುವ ತುಕ್ಕು ಬಿಡಿಸುವ ಸ್ಪ್ರೇ ಅಂತೂ ಹತ್ತಿರ ತರಬೇಡಿ. ಸುರುಳಿ ಸ್ಪ್ರಿಂಗನ್ನು ಮುಟ್ಟಬೇಡಿ, ಮುಳ್ಳನ್ನು ಕೀಳಬೇಡಿ. ಡಯಲ್ ಮೇಲಿನ ಧೂಳನ್ನು ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಿರಿ, ಪೆಟ್ರೋಲ್ ತಾಗಿದರೆ ಬಣ್ಣವೇ ಬಿಟ್ಟುಹೋಗಬಹುದು.

ಸ್ಪೀಡ್ ಕಡಿಮೆ ಮಾಡಬಹುದಾದ ಡ್ರಿಲ್ ಮಷಿನ್ ಇದ್ದರೆ ಟೇಬಲ್ ಮೇಲೇ ಪರೀಕ್ಷೆ ಮಾಡಬಹುದು. ಮೊದಲು ಕೈಯಲ್ಲಿ ತಿರುಗಿಸಿ ಮುಳ್ಳು ಯಾವ ದಿಕ್ಕಿಗೆ ಏಳುತ್ತದೆ ನೋಡಿಕೊಂಡು, ಡ್ರಿಲ್ಲನ್ನು ಅದೇ ದಿಕ್ಕಿಗೆ ಇಡಿ. ಲೆಕ್ಕ ಸುಲಭ. ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ಕೇಬಲ್ ಕಿಲೋಮೀಟರಿಗೆ ಎಷ್ಟು ಸುತ್ತು ತಿರುಗಬೇಕೋ, ನಿಮಿಷಕ್ಕೆ ಅಷ್ಟು ಸುತ್ತು ಕೊಟ್ಟಾಗ ಮುಳ್ಳು 60ರಲ್ಲಿ ನಿಲ್ಲಬೇಕು. ಅಮೆರಿಕದ ಹಳೇ ಗಾಡಿಗಳಲ್ಲಿ ಮೈಲಿಗೆ ಸುಮಾರು 1000 ಸುತ್ತಿನ ರೂಢಿ, ಅಂದರೆ ಕಿಲೋಮೀಟರಿಗೆ 620ರ ಹತ್ತಿರ. ಡಯಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನಾದರೂ ಸಂಖ್ಯೆ ಇದ್ದರೆ ಅದನ್ನೇ ನಂಬಿ. ಮುಳ್ಳು ಕುಣಿಯದೆ ನಿಂತರೆ ಮೀಟರ್ ಚೆನ್ನಾಗಿದೆ, ನೀವು ಕೇಬಲ್ ಕಡೆಗೆ ವಾಪಸ್ ಹೋಗಿ. ಬುಷ್ ಪೂರ್ತಿ ಸವೆದು ಶಾಫ್ಟ್ ಅಲುಗಾಡುತ್ತಿದ್ದರೆ ಮನೆಯಲ್ಲಿ ಆಗುವ ಕೆಲಸವಲ್ಲ. ಆಗಲೂ ಬಿಸಾಕಬೇಡಿ, ಮೀಟರ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರ ಹತ್ತಿರ ಒಯ್ಯಿರಿ. ಬೆಂಗಳೂರಿಗೆ ಬರುವುದಿದ್ದರೆ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹಳೇ ಕೇಬಲನ್ನು ಅಳತೆಗೆ ಜೊತೆಗೇ ತನ್ನಿ.

ಎಲ್ಲ ಸೇರಿಸಿದ ಮೇಲೆ ಹೆದ್ದಾರಿಯಲ್ಲಿ ಒಮ್ಮೆ ಸರಿ ನೋಡಿ. ಪಕ್ಕದಲ್ಲಿ ಒಬ್ಬರು ಫೋನಿನ ಜಿಪಿಎಸ್ ಹಿಡಿದು ಕೂರಲಿ. ಸಿಗ್ನಲ್ ಇಲ್ಲದ ಕಡೆ ಕಿಲೋಮೀಟರ್ ಕಲ್ಲು ಸಾಕು. 40ರಲ್ಲಿ ಸಮವಾಗಿ ಹೋದರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ 90 ಸೆಕೆಂಡ್, 50ರಲ್ಲಾದರೆ 72. ಮುಳ್ಳು ಕುಣಿಯದೆ ಸ್ವಲ್ಪ ಕಡಿಮೆ ತೋರಿಸುತ್ತಿದ್ದರೆ ಟೈರ್ ನೋಡಿ. ಜೀಪಿಗೆ ಬಂದಿದ್ದ 6.00-16 ಸೈಜಿನ ಟೈರ್ ತೆಗೆದು ದೊಡ್ಡ ಟೈರ್ ಹಾಕಿಸಿದ್ದರೆ, ಚಕ್ರದ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. 90 ಸೆಕೆಂಡಿನ ಓಟದಲ್ಲಿ ಮುಳ್ಳು 25ರಲ್ಲೇ ನಿಂತಿದ್ದರೆ ಮಾತ್ರ ಟೈರನ್ನು ದೂರಬೇಡಿ. ಅದು ಮೈಲಿ ಲೆಕ್ಕದ ಮೀಟರ್, ಯಾವುದೋ ಕಾಲದಲ್ಲಿ ಇನ್ನೊಂದು ಜೀಪಿನಿಂದ ತಂದು ಕೂರಿಸಿದ್ದಾರೆ. 25 ಮೈಲಿ ಅಂದರೆ 40 ಕಿಲೋಮೀಟರ್, ಮೀಟರ್ ಸರಿಯಾಗಿಯೇ ಹೇಳುತ್ತಿದೆ.