ಬೌದ್ಧಿಕ ಅಸಾಮರ್ಥ್ಯವಿರುವ ಮಗಳನ್ನು ಬಿಡಿಸಿಕೊಂಡು ಹೋಗಿ ಎನ್ನುತ್ತಿದ್ದಾರೆ. ಶಾಲೆಯವರ ಮನವೊಲಿಸುವುದು ಹೇಗೆ?

ಮನವೊಲಿಸುವ ಗೋಜಿಗೇ ಹೋಗಬೇಡಿ. ಅವರು ಏನನ್ನಾದರೂ ಬರೆದುಕೊಡಿ ಎಂದರೆ ಪೆನ್ನು ಮುಟ್ಟಲೇಬೇಡಿ.

ನನ್ನ ಅಕ್ಕ ಭಾವ ಮಸ್ಕತ್‌ನಲ್ಲಿದ್ದಾರೆ. ಅವರ ಮಗ ಉಡುಪಿಯ ಸಂತೆಕಟ್ಟೆ ಹತ್ತಿರ ನಮ್ಮ ಮನೆಯಲ್ಲೇ ಬೆಳೆದವನು. ಸೋದರಳಿಯನಿಗೆ ಸೋದರಮಾವನೇ ಯಜಮಾನ ಎಂಬ ಹಳೆಯ ಲೆಕ್ಕ ನಮ್ಮ ಕಡೆ ಇನ್ನೂ ಪೂರ್ತಿ ಅಳಿದಿಲ್ಲ. ಶಾಲೆಯ ಕಾಗದಗಳಲ್ಲೆಲ್ಲ ಪೋಷಕನೆಂದು ನನ್ನ ಸಹಿಯೇ ಇತ್ತು. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಿದ ಅಂಗವೈಕಲ್ಯದ ಪ್ರಮಾಣಪತ್ರ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ತಿಂಗಳ ಮಾಸಾಶನ ಎಲ್ಲವೂ ಅವನಿಗಿದ್ದವು. ಹಕ್ಕು ಎಂದರೆ ಇಷ್ಟೇ ಎಂದು ತಿಳಿದಿದ್ದೆ. ತರಗತಿಯಲ್ಲಿ ಕೂರಿಸಿಕೊಳ್ಳುವುದು ಶಾಲೆಯವರ ದೊಡ್ಡ ಮನಸ್ಸು ಎಂದುಕೊಂಡು ವಾರ್ಷಿಕೋತ್ಸವಕ್ಕೆ ಸಿಹಿ ಒಯ್ದು ಕೈಮುಗಿದು ಬರುತ್ತಿದ್ದೆ. 'ಪಾಪದ ಹುಡುಗ, ಇಟ್ಟುಕೊಂಡಿದ್ದಾರಲ್ಲ' ಎಂದು ನೆಂಟರೂ ಹೇಳುತ್ತಿದ್ದರು.

ಅವನು ಮೂರನೇ ತರಗತಿಯಲ್ಲಿದ್ದಾಗ ಹೊಸ ಮುಖ್ಯೋಪಾಧ್ಯಾಯಿನಿ ಬಂದರು. ಮಾತು ಬೆಣ್ಣೆಯಂಥದ್ದು. ಚಹಾ ತರಿಸಿದರು. "ಅವನಿಗೂ ಕಷ್ಟ, ಉಳಿದ ಮಕ್ಕಳಿಗೂ ಕಷ್ಟ. ನೀವೇ ಒಂದು ಪತ್ರ ಕೊಟ್ಟುಬಿಡಿ" ಎಂದು ಬಿಳಿ ಹಾಳೆ ಮುಂದಿಟ್ಟರು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ: 'ಕೌಟುಂಬಿಕ ಕಾರಣಗಳಿಂದ, ಸ್ವಇಚ್ಛೆಯಿಂದ ಬಿಡಿಸಿಕೊಳ್ಳುತ್ತಿದ್ದೇನೆ, ವರ್ಗಾವಣೆ ಪತ್ರ ಕೊಡಬೇಕಾಗಿ ವಿನಂತಿ.' ಚಹಾ ಆರುವ ಮೊದಲೇ ಗುಮಾಸ್ತರು ಅದಕ್ಕೆ ಮೊಹರು ಒತ್ತಿ ಆವಕ ಸಂಖ್ಯೆ ಹಾಕಿದರು.

ಆ ಹಾಳೆ ಅವರಿಗೆ ಯಾಕೆ ಬೇಕಿತ್ತು ಎಂಬುದನ್ನು ಬಿಡಿಸಿ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಇದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವರೇ ಹೊರಹಾಕಿದ್ದರೆ ಉತ್ತರ ಹೇಳಬೇಕಾದವರು ಅವರು. ಪೋಷಕನೇ ಬಿಡಿಸಿಕೊಂಡು ಹೋದನೆಂದರೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಲು ಅವರಿಗೆ ಬೇಕಿದ್ದದ್ದು ನನ್ನ ಕೈಬರಹ ಒಂದೇ. ಮುಂದೆ ವಿಷಯ ತಿಳಿದು ದೂರು ಕೊಡಲು ಹೋದಾಗ ಅಧಿಕಾರಿ ಕಡತ ತೆರೆದು ಅದೇ ಹಾಳೆಯನ್ನು ನನ್ನತ್ತ ತಿರುಗಿಸಿದರು. "ಇದು ನಿಮ್ಮದೇ ಅಕ್ಷರವಲ್ಲವೇ?" ದೂರು ಅಲ್ಲಿಗೇ ಸತ್ತಿತು. ಹುಡುಗ ಮಳೆಗಾಲದಿಂದ ಮಳೆಗಾಲದವರೆಗೆ ಮನೆಯಲ್ಲೇ ಉಳಿದ. ಸಾಲಿನಲ್ಲಿ ನಿಲ್ಲುವುದು, ಬಾಟಲಿಯ ಮುಚ್ಚಳ ತಾನೇ ತಿರುಗಿಸುವುದು, ಹೀಗೆ ಶಾಲೆಯಲ್ಲಿ ಕಲಿತದ್ದೆಲ್ಲ ಒಂದೊಂದಾಗಿ ಬಿಟ್ಟುಹೋಯಿತು.

ನಿಮ್ಮ ಮಗಳ ಪ್ರಮಾಣಪತ್ರದಲ್ಲಿ 'ಸೌಮ್ಯ' ಎಂದಿದೆ, ಅದಕ್ಕೆ ಕಾನೂನು ಅನ್ವಯಿಸುತ್ತದೋ ಇಲ್ಲವೋ ಎಂದು ಕೇಳಿದ್ದೀರಿ. ಸೌಮ್ಯ ಬೌದ್ಧಿಕ ಅಸಾಮರ್ಥ್ಯವನ್ನು ಶೇ 50 ಎಂದೇ ಎಣಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಶೇ 40 ಸಾಕು. ಅದರ 31ನೇ ಸೆಕ್ಷನ್ ಪ್ರಕಾರ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಇಷ್ಟಪಟ್ಟ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಅವಳ ಹಕ್ಕು. ಅವಳ ಹಕ್ಕು, ನಿಮ್ಮದಲ್ಲ. ಆದ್ದರಿಂದಲೇ ಮುಲಾಜಿಗೆ ಬಿದ್ದು ಅದನ್ನು ಬರೆದುಕೊಡುವ ಅಧಿಕಾರ ನಿಮಗಿಲ್ಲ ಎನ್ನುತ್ತೇನೆ. (ಅಲ್ಪಸಂಖ್ಯಾತರ ಶಾಲೆಗಳಿಗೆ 2009ರ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ನೀವಿರುವ ಮಂಗಳೂರಿನಲ್ಲಿ ಅಂಥ ಶಾಲೆಗಳು ಬಹಳ ಇರುವುದರಿಂದ ನಿಮ್ಮದು ಯಾವುದೆಂದು ನೋಡಿಕೊಳ್ಳಿ. ಅಂಥದ್ದಾದರೆ 2016ರ ಕಾಯ್ದೆಯನ್ನೇ ಹಿಡಿಯಿರಿ.)

ವಿಶೇಷ ಶಾಲೆಯೇ ಒಳ್ಳೆಯದಲ್ಲವೇ ಎಂಬ ಮಾತು ಕೇಳಿಬರುತ್ತದೆ. ನನ್ನ ತಕರಾರು ಅಂಥ ಶಾಲೆಯ ಮೇಲಲ್ಲ. ನಮ್ಮ ಹುಡುಗ ಈಗ ಓದುತ್ತಿರುವುದು ವಿಶೇಷ ಶಾಲೆಯಲ್ಲೇ, ಚೆನ್ನಾಗಿಯೂ ಇದ್ದಾನೆ. ಸೇರಿಸುವ ಮೊದಲು ಅವನನ್ನು ಎರಡು ಶಾಲೆಗಳಿಗೆ ಕರೆದೊಯ್ದು ತೋರಿಸಿದೆವು. ಒಂದರಲ್ಲಿ ಚಪ್ಪಲಿಯನ್ನೇ ಬಿಚ್ಚಲಿಲ್ಲ. ಇನ್ನೊಂದರಲ್ಲಿ ಬಿಚ್ಚಿ ನೇರ ಒಳಗೆ ಹೋಗಿ ಚೆಂಡೆ ಬಾರಿಸುತ್ತಿದ್ದವರ ಪಕ್ಕ ಕುಳಿತ. ತೀರ್ಮಾನ ಅವನದೇ ಆಯಿತು. ಒಬ್ಬರು ಹೊರದಬ್ಬಿದರೆಂದು ಇನ್ನೊಂದು ಬಾಗಿಲಿಗೆ ಹೋಗುವುದನ್ನು ಆಯ್ಕೆ ಎನ್ನಬೇಡಿ.

ಈ ವಾರವೇ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆಯಿರಿ: ಇಂಥ ದಿನ ಕರೆದು ಮಗಳನ್ನು ಬಿಡಿಸಲು ಹೇಳಿದಿರಿ, ನಾನು ಬಿಡಿಸುವುದಿಲ್ಲ, ಕಾರಣವಿದ್ದರೆ ಲಿಖಿತವಾಗಿ ಕೊಡಿ, ಅವಳಿಗೆ ತರಗತಿಯಲ್ಲಿ ಬೇಕಾದ ಅನುಕೂಲಗಳು ಇವು. ಕ್ಷೇತ್ರ ಶಿಕ್ಷಣಾಧಿಕಾರಿಗೆ ಒಂದು ಪ್ರತಿ ಕಳುಹಿಸಿ. ಅಲ್ಲಿಯೂ ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ. ಇಂಥ ದೂರುಗಳ ವಿಚಾರಣೆ ನಡೆಸುವ ಅಧಿಕಾರ ಅವರಿಗಿದೆ. ಪತ್ರವನ್ನು ಕೈಯಲ್ಲಿ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಶಾಲೆಯ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಕುರ್ಚಿಯಿಂದ ಏಳಬೇಡಿ. ಹಾಕಲೊಪ್ಪದಿದ್ದರೆ ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ.